ಬರ್ತೀನಿ ಅಂದವರ ಕೋಣೆ

ನಮ್ಮೂರಿನ ಚರಿತ್ರೆಯನ್ನು ಮುಂದೆ ಯಾರಾದರೂ ಬರೆಯುವುದಾದರೆ ಅದನ್ನು ಎರಡು ಭಾಗ ಮಾಡಿಕೊಳ್ಳದೆ ಅವರಿಗೆ ಬೇರೆ ದಾರಿಯಿಲ್ಲ. ಮಹಾನಂದಳ ಟೈಪ್‌ರೈಟರುಗಳು ಕೋಣೆಯೊಳಗೇ ಇದ್ದ ಕಾಲ ಒಂದು. ಒಂದು ಭಾನುವಾರ ಬೆಳಿಗ್ಗೆ ಅವು ವರಾಂಡಕ್ಕೆ ಬಂದು ಕುಳಿತ ಮೇಲಿನ ಕಾಲ ಇನ್ನೊಂದು. ನಲ್ಲಿಯಲ್ಲಿ ನೀರು ಬಂದದ್ದು, ಪುರಸಭೆ ಬರಖಾಸ್ತಾದದ್ದು, ರೈಲು ಬರುತ್ತದೆಂದು ಸರಪಳಿ ಹಿಡಿದು ಅಳೆದವರು ಹೋಗೇ ಹೋದದ್ದು, ಇವೆಲ್ಲ ಅಡಿಟಿಪ್ಪಣಿಗೆ ಸಾಕು. ನಾನು ಮಹಾನಂದಳ ಮನೆಯ ಪಕ್ಕದಲ್ಲಿರುವವಳು, ಊರಿನ ವಾಚನಾಲಯ ನೋಡಿಕೊಳ್ಳುತ್ತೇನೆ. ನನ್ನ ಮಾತನ್ನು ಧಾರಾಳವಾಗಿ ನಂಬಬಹುದು, ಏಕೆಂದರೆ ನಮ್ಮಲ್ಲಿ ಪಕ್ಕದ ಮನೆಯವರ ಕಿವಿಗೆ ಬೀಳದೆ ಯಾವ ಮಾತೂ ಆಡುವುದು ಸಾಧ್ಯವಿಲ್ಲ. ಗೋಡೆಗಳು ಟೊಳ್ಳು.

ಇದು ದೂರಲ್ಲ, ಕಟ್ಟಡದ ವಿವರ. ನಮ್ಮ ಬಡಾವಣೆಯ ನಕ್ಷೆ ಬರೆದ ಇಂಜಿನಿಯರ್ ವರದಾಚಾರ್ ಹೊರದೇಶದಲ್ಲಿ ಓದಿ ಬಂದವರು. ಮನೆ ಅಂದರೆ ಬೆಂಕಿಪೊಟ್ಟಣ ಇದ್ದ ಹಾಗೆ, ಬೇಕೆನಿಸಿದಾಗ ಒಂದರ ಪಕ್ಕ ಇನ್ನೊಂದು ಜೋಡಿಸುತ್ತ ಹೋಗಬೇಕು ಎಂಬುದು ಅವರ ಸಿದ್ಧಾಂತ. ಸುಟ್ಟ ಇಟ್ಟಿಗೆ ದುಬಾರಿ, ಹೆಂಚು ಅಜ್ಜನ ಕಾಲದ್ದು, ಕಂಬ ಕಮಾನು ಬರೀ ದುಂದು. ಅವರ ಮನೆಗಳು ಅಚ್ಚಿಗೆ ಸಿಮೆಂಟು, ಜಲ್ಲಿಪುಡಿ ತುಂಬಿ ನಡುವೆ ಟೊಳ್ಳು ಬಿಟ್ಟು ಎರೆದ ಬ್ಲಾಕುಗಳವು. ಮೇಲೆ ಚಪ್ಪಟೆ ತಾರಸಿ, ಟೋಪಿಯ ಅಂಚಿನಂತೆ ಮುಂದಕ್ಕೆ ಚಾಚಿದ ಸಜ್ಜ, ರಸ್ತೆ ಕಡೆಗೆ ಹೂವಿನಾಕಾರದ ತೂತುಗಳ ಜಾಲಿಗೋಡೆ. ಗುಮಾಸ್ತರಿಗೂ ಕಂಡಕ್ಟರರಿಗೂ ಎಟುಕುವ ಬೆಲೆಯಲ್ಲಿ ಒಂದು ಹಾಲು, ಒಂದು ಅಡುಗೆಮನೆ, ಒಂದು ಬಚ್ಚಲು. ದೇವರ ಮನೆಯನ್ನು ಅವರು ಮರೆತಿದ್ದರು. ಪುಸ್ತಕ ಇಡಲೆಂದು ಗೋಡೆಯಲ್ಲೇ ಎರೆಸಿದ್ದ ಗೂಡಿನಲ್ಲಿ ಜನ ದೇವರನ್ನು ಕೂರಿಸಿಕೊಂಡರು. ಗೋಡೆಗೆ ಮೊಳೆ ಹೊಡೆದರೆ ಅದು ಟೊಳ್ಳಿನೊಳಕ್ಕೆ ಬಿದ್ದು ಟಣ್ ಎನ್ನುತ್ತಿತ್ತು. ಹೀಗಾಗಿ ನಮ್ಮೂರಿನಲ್ಲಿ ಕ್ಯಾಲೆಂಡರು, ಕೊಡೆ, ತೀರಿಕೊಂಡ ಮಾವನವರ ಫೋಟೋ ಎಲ್ಲವೂ ಜಾಲಿಯ ತೂತಿಗೇ ನೇತಾಡುತ್ತವೆ, ಬೀದಿಯಲ್ಲಿ ಹೋಗುವವರಿಗೆ ಮಾವನವರ ಬೆನ್ನು ಮಾತ್ರ ಕಾಣುತ್ತದೆ. ಮುಂದೆ ಕೈಗೂಡಿದಾಗ ಇನ್ನೊಂದು ಕೋಣೆ ಸೇರಿಸಿಕೊಳ್ಳಲಿ ಎಂದು ವರದಾಚಾರ್ ಪ್ರತಿ ಮನೆಯ ಪಕ್ಕದ ಗೋಡೆಯಿಂದ ಕಬ್ಬಿಣದ ಸರಳುಗಳನ್ನು ಹೊರಗೆ ಬಿಡಿಸಿದ್ದರು. ಯಾರೂ ಕಟ್ಟಿಸಬೇಕಾಗಲಿಲ್ಲ.

ನಮ್ಮ ಜನ ಮನೆಯಿಂದ ಹೊರಡುವಾಗ ‘ಹೋಗ್ತೀನಿ’ ಅನ್ನುವುದಿಲ್ಲ, ಅದು ಕೆಟ್ಟ ಮಾತು. ‘ಬರ್ತೀನಿ’ ಅನ್ನುತ್ತಾರೆ. ವರದಾಚಾರರ ಮನೆಗಳು ಆ ಮಾತನ್ನು ಇದ್ದದ್ದು ಇದ್ದ ಹಾಗೆ ತೆಗೆದುಕೊಂಡವು. ಬರ್ತೀನಿ ಅಂದವರು ಮರುದಿನ ಮಧ್ಯಾಹ್ನದ ಹೊತ್ತಿಗೆ ಬಾರದಿದ್ದರೆ, ಸರಳು ಇದ್ದ ಕಡೆ ಅವರ ಪಾಲಿನದೊಂದು ಕೋಣೆ ನಿಂತಿರುತ್ತದೆ. ಅದೇ ಬ್ಲಾಕು, ಅದೇ ತೆಳುನೀಲಿ ಬಣ್ಣ, ತುದಿಯಲ್ಲಿ ಮತ್ತೆ ಸರಳು. ಅವರು ಎಂದಾದರೂ ತಿರುಗಿ ಬಂದು ಹೊಸಿಲು ದಾಟಿದರೆ, ಕಾಫಿ ಕುಡಿದು ಲೋಟ ಕೆಳಗಿಡುವಷ್ಟರಲ್ಲಿ ಕೋಣೆ ಇಲ್ಲ. ಒಳಗಿದ್ದ ಸಾಮಾನೂ ಇಲ್ಲ. ಯಾರಾದರೂ ಮಲಗಿದ್ದರೆ ಅವರನ್ನು ಮಾತ್ರ ಅಂಗಳದಲ್ಲಿ ಬಿಟ್ಟುಹೋಗುತ್ತದೆ, ದಿಂಬನ್ನು ಬಿಡುವುದಿಲ್ಲ.

ಇದಕ್ಕೆ ನಾವು ಹೊಂದಿಕೊಂಡು ಎಷ್ಟೋ ಕಾಲವಾಯಿತು. ಮೂಲೆ ಸೈಟಿನವರು, ಅಂದರೆ ಜಾಗ ಇದ್ದವರು, ಹೊರಟು ನಿಂತ ನೆಂಟರನ್ನು ಬಾಗಿಲಲ್ಲೇ ತಡೆದು, ಆ ಮಾತು ಬಾಯಿಂದ ಬೀಳುವ ತನಕ ಎಲೆಅಡಿಕೆ ಕೊಡುವುದಿಲ್ಲ. ಜಾಗವಿಲ್ಲದವರು ನೆಂಟರ ಬಾಯಿ ಮುಚ್ಚಿಸುವುದಕ್ಕೆ ಹರಸಾಹಸ ಮಾಡುತ್ತಾರೆ. ನನ್ನದು ನಡುವಿನ ಸೈಟು. ನನ್ನ ಸೋದರತ್ತೆ ರೂಢಿಬಲದಿಂದ ಆಡಿದ ಒಂದು ಮಾತಿನಿಂದಾಗಿ ಹಿತ್ತಲಿನ ನಿಂಬೆಗಿಡವೇ ಹೋಯಿತು. ಬಸ್ ಸ್ಟ್ಯಾಂಡಿನಲ್ಲಿ ಪುರಸಭೆಯವರು ಒಂದು ಬೋರ್ಡು ಹಾಕಿದ್ದಾರೆ: ‘ಯೋಚಿಸಿ ಬೀಳ್ಕೊಳ್ಳಿರಿ.’ ಆ ಮಾತು ಆಡಿದವರ ಮನಸ್ಸಿನ ಹಾಗೆ ಕೋಣೆ ಇರುತ್ತದೆ ಎಂಬುದೂ ಎಲ್ಲರಿಗೂ ಗೊತ್ತು. ಒಂದು ಚುನಾವಣೆಯಲ್ಲಿ ಅಭ್ಯರ್ಥಿಯೊಬ್ಬರು ಮನೆಮನೆಗೆ ಹೋಗಿ ಕೈಮುಗಿದು ಮತ್ತೆ ಬರ್ತೀನಿ ಅಂದರು. ಇಡೀ ಎರಡನೇ ಕ್ರಾಸಿಗೆ ಒಂದೇ ದಿನ ಕೋಣೆ ಬಂತು. ಕಿಟಕಿಗಳು ಭಾರೀ ದೊಡ್ಡವು, ಮಳೆ ಬಂದರೆ ಎಲ್ಲವೂ ಸೋರುತ್ತವೆ. ಆದರೆ ಶಾಶ್ವತ.

ಊರಿನಲ್ಲಿ ಅತಿ ಹೆಚ್ಚು ಕೋಣೆಯಿದ್ದದ್ದು ನನ್ನ ಪಕ್ಕದ ಮರುಳಸಿದ್ದಪ್ಪನವರ ಮನೆಗೆ. ಅದು ಮೂಲೆ ಸೈಟು, ಮೇಲಾಗಿ ಅವರಿಗೆ ಮದುವೆಗೆ ಬಂದ ಮಗಳಿದ್ದಳು. ಹೆಣ್ಣು ನೋಡಲು ಬಂದವರ ಹಾಗೆ ಬರ್ತೀವಿ ಅಂದು ಬಾರದೆ ಇರುವವರು ಲೋಕದಲ್ಲಿ ಬೇರೆ ಯಾರೂ ಇಲ್ಲ. ಬರುತ್ತಾರೆ, ಉಪ್ಪಿಟ್ಟು ತಿನ್ನುತ್ತಾರೆ, ಹುಡುಗಿಗೆ ಹಾಡಲು ಬರುತ್ತದೆಯೇ ಎಂದು ಕೇಳುತ್ತಾರೆ, ತಿಳಿಸ್ತೀವಿ ಅನ್ನುತ್ತಾರೆ, ಎದ್ದು ಬರ್ತೀವಿ ಅನ್ನುತ್ತಾರೆ. ಮರುದಿನ ಕೋಣೆ. ಮಹಾನಂದಳನ್ನು ನೋಡಿಹೋದವರು ಒಬ್ಬಿಬ್ಬರಲ್ಲ. ಆ ಮನೆ ಉದ್ದಕ್ಕೆ ಬೆಳೆದು ಬೆಳೆದು ರೈಲಿನ ಹಾಗಾಗಿತ್ತು; ಹಾಲಿನಲ್ಲಿ ಕೂಗಿದರೆ ಕೊನೆಯ ಕೋಣೆಯಲ್ಲಿದ್ದವರು ‘ಯಾವ ಸ್ಟೇಷನ್ನು?’ ಅನ್ನುತ್ತಿದ್ದರು. ಮಗಳಿಗೆ ಗಂಡು ಹುಡುಕುತ್ತಿದ್ದಾರೋ ಮನೆ ಕಟ್ಟಿಸುತ್ತಿದ್ದಾರೋ ಎಂದು ಸಿದ್ದಪ್ಪನವರ ಹೆಂಡತಿ ಶಾಂತವೀರಮ್ಮನೇ ಗೋಡೆಯಾಚೆಯಿಂದ ನನ್ನನ್ನು ಕೇಳಿದ್ದುಂಟು. ಸಿದ್ದಪ್ಪನವರಿಗೆ ಆ ಮಾತು ಬೇಸರ. ಆದರೆ ಪ್ರತಿ ಸಲ ಗಂಡಿನ ಕಡೆಯವರು ಹೊರಟಾಗ ಅವರ ಕಣ್ಣು ಒಮ್ಮೆ ಸರಳುಗಳ ಕಡೆ ಹೋಗಿ ಬರುತ್ತಿದ್ದುದನ್ನು ನಾನು ಜಾಲಿಯಿಂದ ಕಂಡಿದ್ದೇನೆ.

ಆ ಕೋಣೆಗಳಲ್ಲಿ ಹೆಚ್ಚಿನವು ಯಾತಕ್ಕೂ ಬಾರದವು. ‘ನೋಡೋಣ, ಬರ್ತೀವಿ’ ಅಂದವರದು ತೆಂಗಿನಕಾಯಿ ಇಡುವಷ್ಟಿತ್ತು. ಜಾತಕ ಸರಿಯಿಲ್ಲ ಎಂದು ಮೊದಲೇ ತೀರ್ಮಾನಿಸಿ ಬಂದವರದಕ್ಕೆ ಕಿಟಕಿಯೇ ಇರಲಿಲ್ಲ. ಒಂದೇ ಒಂದು ಕೋಣೆ ಮಾತ್ರ ಎಂಥದು ಅಂದರೆ, ವರದಾಚಾರ್ ಬದುಕಿದ್ದರೆ ಅದರ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುತ್ತಿದ್ದರು. ಅಗಲವಾಗಿ, ಎತ್ತರವಾಗಿ, ಉತ್ತರಕ್ಕೆ ಗೋಡೆಯ ಉದ್ದಕ್ಕೂ ಜಾಲಿ. ಬಿಸಿಲು ಬೀಳದೆ ಬೆಳಕು ಮಾತ್ರ ಒಳಗೆ ಬರುತ್ತಿತ್ತು. ರಸ್ತೆಗೆ ಬೇರೆಯೇ ಬಾಗಿಲು. ಅದು ಉಮಾಪತಿ ಎಂಬ ಗಂಡು ತಾಯಿಯ ಜೊತೆ ಬಂದು ನೋಡಿಕೊಂಡು ಹೋದ ಮರುದಿನ ಎದ್ದದ್ದು. ಅವರೂ ಬರಲಿಲ್ಲ. ಒಂದು ವರ್ಷ ಕಾದು, ಆಮೇಲೆ ಮಹಾನಂದ ಆ ಕೋಣೆಯಲ್ಲಿ ಮೂರು ಟೈಪ್‌ರೈಟರು ಇಟ್ಟು ‘ಶ್ರೀ ಸಿದ್ಧೇಶ್ವರ ಟೈಪಿಂಗ್ ಇನ್‌ಸ್ಟಿಟ್ಯೂಟ್’ ಎಂದು ಬೋರ್ಡು ತಗುಲಿಸಿದಳು, ಅದೂ ಜಾಲಿಗೇ. ಬೆಳಗಿನಿಂದ ಸಂಜೆಯ ತನಕ ಎ ಎಸ್ ಡಿ ಎಫ್ ನನ್ನ ಗೋಡೆಯಲ್ಲಿ ಗುಂಯ್ಗುಡತೊಡಗಿತು. ಮೊದಮೊದಲು ತಲೆನೋವು, ಈಗ ರಜೆಯ ದಿನ ನಿದ್ದೆ ಬರುವುದಿಲ್ಲ.

ಹುಡುಗಿಯರು ಸೇರಿದರು, ಕೋರ್ಟಿನ ಗುಮಾಸ್ತರು ಸೇರಿದರು, ಒಬ್ಬ ಪುರೋಹಿತರೂ ಸೇರಿದರು. ಪರೀಕ್ಷೆಗೆ ಮಾತ್ರ ದೂರದ ಪಟ್ಟಣಕ್ಕೆ ಹೋಗಬೇಕಿತ್ತು, ಆದ್ದರಿಂದ ಅರ್ಧ ಹುಡುಗಿಯರನ್ನು ಮನೆಯವರು ಕಳಿಸುತ್ತಿರಲಿಲ್ಲ, ಕಲಿತದ್ದು ಅಲ್ಲಿಗೇ ನಿಲ್ಲುತ್ತಿತ್ತು. ಪರೀಕ್ಷಾ ಕೇಂದ್ರವನ್ನು ಇಲ್ಲಿಗೇ ತರಬೇಕೆಂದು ಮಹಾನಂದ ಹಟ ಹಿಡಿದು ಅರ್ಜಿ ಹಾಕಿದ್ದಳು. ಪರೀಕ್ಷಾ ಬೋರ್ಡಿನವರು ಕೇಳುವ ಅಳತೆಯ ಕೋಣೆ ಊರಿನಲ್ಲಿ ಇದ್ದದ್ದು ಅದೊಂದೇ. ಬಂದು ಅಳೆಯುತ್ತೇವೆ ಎಂದು ಅವರು ತಿಳಿಸಿದ ವಾರವೇ ಉಮಾಪತಿಯ ಫೋನು ಬಂತು.

ಫೋನು ಬಂದದ್ದು ಮೆಡಿಕಲ್ ಶಾಪಿಗೆ, ಬಡಾವಣೆಗೆಲ್ಲ ಆಗ ಅದೊಂದೇ ಫೋನು. ಅಂಗಡಿಯ ತಿಪ್ಪೇಶಿ ಸುದ್ದಿಯನ್ನು ಕೆಮ್ಮಿನ ಔಷಧಿ ಒಯ್ಯಲು ಬಂದವರಿಗೂ, ಮುಲಾಮು ಕೇಳಿದವರಿಗೂ ಕೊಟ್ಟು, ಕೊನೆಗೆ ಸಿದ್ದಪ್ಪನವರಿಗೆ ತಲುಪಿಸಿದ. ಹಿಂದೆ ಹೆಣ್ಣು ನೋಡಿ ಹೋದ ಉಮಾಪತಿ, ಭಾನುವಾರ ಬರುತ್ತಾರಂತೆ, ಮುಖತಃ ಮಾತಾಡುವುದಿದೆಯಂತೆ. ಅಷ್ಟರಲ್ಲಿ ಗಿರಾಕಿ ಬಂದದ್ದರಿಂದ ಫೋನು ಇಟ್ಟೆ ಅಂದ.

ಸಿದ್ದಪ್ಪನವರು ಅಂದೇ ಕ್ಷೌರ ಮಾಡಿಸಿಕೊಂಡರು. ಇಷ್ಟು ವರ್ಷದ ಮೇಲೆ ತಾನಾಗಿ ಬರುವ ಗಂಡು ಅಂದರೆ ಅದು ಶಿವನೇ ಕಳಿಸಿದ್ದು ಅಂತ ಅವರ ವಾದ. ಮಹಾನಂದಳದು ಒಂದೇ ಮಾತು. ಆತ ಹೊಸಿಲು ದಾಟಿದರೆ ತನ್ನ ಕೋಣೆ ಹೋಗುತ್ತದೆ, ಕೋಣೆ ಹೋದರೆ ಕೇಂದ್ರ ಹೋಗುತ್ತದೆ, ಆದ್ದರಿಂದ ಆತ ಬರುವುದು ಬೇಡ. ನಾಲ್ಕು ದಿನ ಗೋಡೆಯ ಈಚೆಗೆ ನನಗೆ ಕೇಳಿಸಿದ್ದು ಇಷ್ಟೇ. ಮದುವೆಯಾಗುವುದಿಲ್ಲವೇ ಎಂದು ಅಪ್ಪ ಕೇಳಿದರೆ ಕೋಣೆ ಹೋಗುತ್ತದಲ್ಲ ಅನ್ನುತ್ತಿದ್ದಳು. ಗಂಡು ಒಳ್ಳೆಯವನು ಅಂದರೆ ಕೋಣೆಯೂ ಒಳ್ಳೆಯದು ಅನ್ನುತ್ತಿದ್ದಳು. ಊರು ಎರಡು ಪಕ್ಷವಾಯಿತು. ಕೆಲವರು ಗಂಡನ್ನು ರಸ್ತೆಯಲ್ಲೇ ಕುರ್ಚಿ ಹಾಕಿ ಕೂರಿಸಿ ಜಾಲಿಯ ಮೂಲಕ ಮಾತುಕತೆ ಮುಗಿಸಬೇಕೆಂದರು. ಕೆಲವರು ತಾಳಿಯನ್ನೂ ಹಾಗೆಯೇ ಕಟ್ಟಬಹುದು, ತೂತು ದೊಡ್ಡದಿದೆ ಅಂದರು. ನಾನು ಓದಿದವಳೆಂದು ನನ್ನ ಅಭಿಪ್ರಾಯ ಕೇಳಿದರು. ಕೋಣೆಗೂ ಇಷ್ಟು ವರ್ಷದಲ್ಲಿ ಆ ಮಾತು ಮರೆತಿರಬಹುದು ಅಂದೆ. ಅದಾದ ಮೇಲೆ ಯಾರೂ ಕೇಳಲಿಲ್ಲ.

ಕೊನೆಗೆ ಶಾಂತವೀರಮ್ಮ, ಮನೆಗೆ ಬಂದವರನ್ನು ಬೀದಿಯಲ್ಲಿ ನಿಲ್ಲಿಸಿ ಅಭ್ಯಾಸವಿಲ್ಲ, ಬರಲಿ ಎಂದು ತೀರ್ಪು ಕೊಟ್ಟರು. ಭಾನುವಾರ ಬೆಳಿಗ್ಗೆ ಮಹಾನಂದ ಮೂರು ಟೈಪ್‌ರೈಟರುಗಳನ್ನು ಒಂದೊಂದಾಗಿ ಎದೆಗವಚಿಕೊಂಡು ತಂದು ವರಾಂಡದಲ್ಲಿಟ್ಟು ಮೇಲೆ ಚಾದರ ಹೊದಿಸಿದಳು. ಮೇಜು, ಸ್ಟೂಲು, ಬೋರ್ಡು ಎಲ್ಲ ಬಂತು. ಖಾಲಿ ಕೋಣೆಯೊಳಗೆ ನಿಂತು ಅವಳು ಒಮ್ಮೆ ಕೆಮ್ಮಿದ್ದು ನನ್ನ ಗೋಡೆಯಲ್ಲಿ ದೊಡ್ಡದಾಗಿ ಕೇಳಿಸಿತು. ಎದುರು ಬದುರಿನ ತಾರಸಿಗಳಲ್ಲೆಲ್ಲ ಅಂದು ಹಪ್ಪಳ ಒಣಗಿಸುವ ಕೆಲಸ ಬಿದ್ದಿತ್ತು. ಹಪ್ಪಳವೇ ಇಲ್ಲದ ಕೆಲವರು ಬರಿಯ ಸೀರೆ ಹಾಸಿಕೊಂಡು ಕೂತಿದ್ದರು. ನಾನು ಸಕ್ಕರೆ ಕೇಳುವ ನೆವದಿಂದ ನೇರವಾಗಿ ಒಳಗೇ ಹೋದೆ.

ಉಮಾಪತಿ ಬಸ್ಸಿಳಿದು ಬಂದರು. ತಲೆ ಮುಂದೆ ಸ್ವಲ್ಪ ಬೋಳಾಗಿತ್ತು, ಕೈಯಲ್ಲಿ ಬಾಳೆಹಣ್ಣಿನ ಚಿಪ್ಪಿತ್ತು. ವರಾಂಡದಲ್ಲಿ ಚಾದರ ಹೊದ್ದು ಕುಳಿತ ಮೂರು ಆಕಾರಗಳನ್ನು ನೋಡಿ ಒಂದು ಕ್ಷಣ ಹಿಂಜರಿದು, ಬಲಗಾಲಿಟ್ಟು ಹೊಸಿಲು ದಾಟಿದರು. ನಾವು ಅವರ ಮುಖ ನೋಡಲಿಲ್ಲ. ಎಲ್ಲರ ಕಣ್ಣೂ ಪಕ್ಕದ ಬಾಗಿಲಿನ ಮೇಲಿತ್ತು. ಕಾಫಿ ಬಂತು. ಅವರು ಕುಡಿದರು, ಲೋಟ ಕೆಳಗಿಟ್ಟರು. ಬಾಗಿಲಿನಾಚೆ ಕೋಣೆ ಹಾಗೇ ನಿಂತಿತ್ತು, ಜಾಲಿಯ ಹೂವುಗಳಲ್ಲಿ ಬೆಳಕು ತುಂಬಿತ್ತು.

ಸಿದ್ದಪ್ಪನವರು ಇನ್ನೊಂದು ಲೋಟ ಕುಡಿಯಿರಿ ಅಂದರು. ಕುಡಿದರು. ಕೋಣೆ ಇತ್ತು. ಮೂರನೆಯದನ್ನು ಅವರು ಕೈಮುಗಿದು ಬೇಡವೆಂದಾಗ ಸಿದ್ದಪ್ಪನವರು ತಮ್ಮ ಜೀವಮಾನದಲ್ಲೇ ಅತಿ ಕಷ್ಟದ ಪ್ರಶ್ನೆ ಕೇಳಿದರು. ತಾವು ಅವರೇ ತಾನೇ ಅಂದರು. ಉಮಾಪತಿ ಗಾಬರಿಯಾಗಿ ತಾನು ಅವನೇ ಅಂದರು. ಅಂದು ಇದೇ ಸಿಮೆಂಟು ಕಟ್ಟೆಯ ಮೇಲೆ ಕೂತಿದ್ದೆ, ಉಪ್ಪಿಟ್ಟಿಗೆ ಉಪ್ಪು ಹಾಕಿರಲಿಲ್ಲ, ಯಾರೂ ಹೇಳಲಿಲ್ಲ ಅಂದರು. ಶಾಂತವೀರಮ್ಮ ನಾಚಿ, ಹಾಗಾದರೆ ಇವರೇ, ಅನುಮಾನವಿಲ್ಲ ಅಂದರು. ಅದೇ ಉಸಿರಿನಲ್ಲಿ ತಾಯಿಯವರು ಯಾಕೆ ಬರಲಿಲ್ಲ ಎಂದು ಕೇಳಿದರು.

ತಾಯಿ ಕಾರ್ತಿಕದಲ್ಲಿ ತೀರಿಕೊಂಡರು ಎಂದು ಉಮಾಪತಿ ಹೇಳಿದರು.

ಶಾಂತವೀರಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಮೆಲ್ಲಗೆ, “ಅವತ್ತು ಹೊರಡೋವಾಗ ಇವರು ಏನೂ ಮಾತಾಡಲಿಲ್ಲ ಕಣ್ರೀ. ಹೇಳಿದ್ದು ಅವರಮ್ಮ. ಬರ್ತೀವಿ ಅಂದ್ರು. ಬರ್ತೀನಿ ಅಲ್ಲ,” ಎಂದರು.

ಬರ್ತೀವಿ. ಇಬ್ಬರೂ. ಒಬ್ಬರೇ ಬಂದರೆ ಆ ಮಾತು ತೀರುವುದಿಲ್ಲ, ಇನ್ನೊಬ್ಬರು ಎಂದೂ ಬರುವುದಿಲ್ಲ. ಬಹುವಚನಕ್ಕೆ ಇಷ್ಟು ತೂಕವಿದೆಯೆಂದು ನಾನು ವ್ಯಾಕರಣ ಓದುವಾಗ ನನಗೆ ಗೊತ್ತಿರಲಿಲ್ಲ. ಉಮಾಪತಿಗೆ ನಮ್ಮೂರಿನ ರೀತಿ ತಿಳಿಯದು. ನಾನೇ ಎಲ್ಲವನ್ನೂ ಬಿಡಿಸಿ ಹೇಳಿದೆ. ಅವರು ಎದ್ದುಹೋಗಿ ಆ ಖಾಲಿ ಕೋಣೆಯ ಬಾಗಿಲಲ್ಲಿ ನಿಂತರು. ಒಳಗೆ ಕಾಲಿಡುವ ಮುಂಚೆ ಚಪ್ಪಲಿ ಕಳಚಲು ಬಗ್ಗಿದರು, ಅದನ್ನು ಆಗಲೇ ವರಾಂಡದಲ್ಲಿ ಬಿಟ್ಟು ಬಂದಿದ್ದರೂ. ಅಮ್ಮ ಇಷ್ಟು ದೊಡ್ಡ ಕೋಣೆಯಲ್ಲಿ ಎಂದೂ ಇದ್ದವರಲ್ಲ ಎಂದು ಅವರು ಹೇಳಿದ್ದು ನನಗೊಬ್ಬಳಿಗೇ ಕೇಳಿಸಿತೇನೋ.

ಸಿದ್ದಪ್ಪನವರ ಸಂತೋಷಕ್ಕೆ ಪಾರವಿರಲಿಲ್ಲ. ಗಂಡೂ ಬಂದ, ಕೋಣೆಯೂ ಉಳಿಯಿತು. ಇಂಥ ಲಾಭ ಬಡಾವಣೆಯಲ್ಲಿ ಯಾರಿಗೂ ಆದದ್ದಿಲ್ಲ. ಅವರು ಮಗಳ ಕಡೆ ತಿರುಗಿ, ಇನ್ನೇನು ಅಡ್ಡಿಯಮ್ಮ, ಕೋಣೆ ಎಲ್ಲೂ ಹೋಗೋದಿಲ್ಲವಲ್ಲ ಅಂದರು. ತಾರಸಿಗಳ ಮೇಲೆ ಹಪ್ಪಳ ತಿರುವುವುದು ನಿಂತಿತು. ಆಗ ನನಗೆ ಮಹಾನಂದಳ ಮುಖ ನೋಡಿ ಅಯ್ಯೋ ಅನ್ನಿಸಿತು. ನಾಲ್ಕು ದಿನದಿಂದ, ಅಲ್ಲ, ನಾಲ್ಕಾರು ವರ್ಷದಿಂದ ಅವಳು ಆ ಗೋಡೆಗೆ ಒರಗಿ ನಿಂತಿದ್ದಳು. ಗೋಡೆ ಈಗ ಅವಳಿಗೆ ಆಸರೆಯಾಗಲು ಒಲ್ಲೆನೆಂದಿತ್ತು. ಟೈಪಿಂಗ್ ಕಲಿಯುವವರಿಗೆ ಅವಳು ಮೊದಲ ದಿನ ಹೇಳುವುದೇ ಬೆನ್ನು ನೆಟ್ಟಗಿಡಿ ಎಂದು. ಅವಳು ತನ್ನದನ್ನು ನೆಟ್ಟಗೆ ಮಾಡಿಕೊಂಡಳು.

“ಕೋಣೆ ಹೋಗುತ್ತೆ ಅಂತ ನಾನು ಬೇಡ ಅಂದಿದ್ದಲ್ಲ, ಅಪ್ಪಾಜಿ,” ಅಂದಳು. “ಬೇಡ ಅನ್ನೋದಕ್ಕೆ ಕೋಣೆ ಸಿಕ್ಕಿತ್ತು, ಅಷ್ಟೆ. ಈಗ ಕೋಣೆ ಬಿಟ್ಟು ಹೇಳ್ತಿದೀನಿ. ನನಗೆ ಮದುವೆ ಬೇಡ. ಇವರು ಕೆಟ್ಟವರು ಅಂತಲ್ಲ. ಯಾರೇ ಬಂದ್ರೂ ಬೇಡ.”

ನಾನು ಉಮಾಪತಿಯ ಕಡೆ ನೋಡಿದೆ, ಪಾಪ, ಅಷ್ಟು ದೂರದಿಂದ ಬಂದವರು ಎಂದು. ಅವರ ಮುಖದ ಮೇಲೆ ಇದ್ದದ್ದು ಅವಮಾನವಲ್ಲ. ಬಸ್ಸಿನಲ್ಲಿ ನಿಂತೇ ಬಂದವನಿಗೆ ಕೊನೆಗೂ ಸೀಟು ಸಿಕ್ಕಿದ ಹಾಗಿತ್ತು. ಅವರು ಕಟ್ಟೆಯ ಮೇಲೆ ಕೂತೇಬಿಟ್ಟರು.

“ತಪ್ಪು ತಿಳೀಬೇಡಿ ಯಜಮಾನ್ರೇ,” ಅಂದರು. “ನಾನೂ ಅದನ್ನೇ ಹೇಳೋಕೆ ಬಂದಿದ್ದು.”

ವಿಷಯ ನಿಧಾನವಾಗಿ ಹೊರಗೆ ಬಂತು. ಅಂದೇ ಅವರ ಮನಸ್ಸು ಬೇರೆ ಕಡೆ ಇತ್ತಂತೆ, ಅಮ್ಮನ ಬಲವಂತಕ್ಕೆ ಬಂದಿದ್ದರಂತೆ. ಆದರೆ ಅಮ್ಮನಿಗೆ ಹುಡುಗಿ ಬಹಳ ಹಿಡಿಸಿಬಿಟ್ಟಿದ್ದಳು. ಬೇಡವೆಂದು ಈ ಮನೆಯವರಿಗೆ ತಿಳಿಸಲು ಆಕೆಗೆ ಬಾಯಿ ಬರಲಿಲ್ಲ. ಇವತ್ತು ನಾಳೆ ಅನ್ನುತ್ತ ವರ್ಷಗಳೇ ಕಳೆದವು. ಕೊನೆಯ ದಿನಗಳಲ್ಲಿ ಮಗನನ್ನು ಹತ್ತಿರ ಕರೆದು, ಆ ಮನೆಯವರಿಗೆ ಒಂದು ಮಾತು ಹೇಳದೆ ಉಳಿದುಬಿಟ್ಟೆವು, ಹೇಳಿ ಬಾ ಅಂದಿದ್ದರು. ಅದನ್ನು ಹೇಳಲು ಬಂದದ್ದು. ಅವರಿಗೆ ಮದುವೆಯಾಗಿದೆ, ಇಬ್ಬರು ಮಕ್ಕಳು. ಅದನ್ನು ಫೋನಿನಲ್ಲೇ ಹೇಳುವವರಿದ್ದರು, ಅಷ್ಟರಲ್ಲಿ ಯಾರೋ ಮುಲಾಮು ಕೇಳಿದರು.

ಮೊದಲು ನಕ್ಕದ್ದು ಶಾಂತವೀರಮ್ಮ, ಆಮೇಲೆ ಗೋಡೆಯಾಚೆ ನನ್ನ ಮನೆಯಲ್ಲೂ ಕಿವಿಗೊಟ್ಟು ಕೂತಿದ್ದ ಯಾರೋ ನಕ್ಕರು. ಯಾರೆಂದು ಆಗ ವಿಚಾರಿಸಲಿಲ್ಲ. ಸಿದ್ದಪ್ಪನವರು ಮಾತ್ರ, ಎರಡು ಕಡೆಯಿಂದಲೂ ಬೇಡವಾದ ಸಂಬಂಧಕ್ಕೆ ಎರಡು ಲೋಟ ಕಾಫಿ ಹೋಯಿತು ಎಂದು ಗೊಣಗುತ್ತ ಶಲ್ಯ ಕೊಡವಿ ಹಿತ್ತಲಿಗೆ ಹೋದರು. ಶಾಂತವೀರಮ್ಮ ಹೋಗಿ ಅದೇನು ಹೇಳಿದರೋ, ಅದೊಂದು ಮಾತು ನನಗೆ ಕೇಳಿಸಲಿಲ್ಲ. ಹಿತ್ತಲಿಗೆ ವರದಾಚಾರ್ ಗೋಡೆ ಹಾಕಿಸಿರಲಿಲ್ಲ.

ಮಹಾನಂದ ಉಮಾಪತಿಯ ಎದುರಿಗೆ ಬಂದು ಕೂತು ಅವರ ತಾಯಿಯ ವಿಷಯ ಕೇಳಿದಳು. ಬಂದವರಲ್ಲಿ ಹಾಡು ಬರುತ್ತಾ ಎಂದು ಕೇಳದೆ, ನಿನಗೇನು ಮಾಡಬೇಕು ಅಂತಿದೆ ಮಗಾ ಎಂದು ಕೇಳಿದವರು ಅವರೊಬ್ಬರೇ ಅಂದಳು. ತಾನು ಟೈಪಿಂಗ್ ಅಂದಿದ್ದಕ್ಕೆ, ಅದಕ್ಕೆ ಒಳ್ಳೆ ಬೆಳಕು ಬೇಕಲ್ಲವೇ ಅಂದಿದ್ದರಂತೆ. ಉಮಾಪತಿ ಬಾಳೆಹಣ್ಣಿನ ಚಿಪ್ಪನ್ನು ಅವಳ ಕೈಗೆ ಕೊಟ್ಟರು. ಆಮೇಲೆ ಅಂಗಿಯ ತೋಳು ಮಡಚಿ, ಟೈಪ್‌ರೈಟರುಗಳನ್ನು ಒಳಗಿಡಲು ಕೈಹಚ್ಚಿದರು. ಒಂದನ್ನು ಅಡ್ಡಾದಿಡ್ಡಿ ಹಿಡಿದು ಅವಳಿಂದ ಬೈಸಿಕೊಂಡರು.

ಹೊರಡುವ ಹೊತ್ತಿಗೆ ಎಲ್ಲರೂ ಬಾಗಿಲಿಗೆ ಬಂದೆವು. ಸಿದ್ದಪ್ಪನವರೂ ಬಂದರು, ಕಣ್ಣು ಸರಳುಗಳ ಕಡೆ ಹೋಗದ ಹಾಗೆ ತಡೆದುಕೊಂಡು ನಿಂತರು. ಉಮಾಪತಿ ಈಗ ಎಲ್ಲ ತಿಳಿದವರು, ಏನೆಂದು ಹೊರಡಬೇಕೆಂದು ತೋಚದೆ ಒದ್ದಾಡಿದರು. ಹೋಗ್ತೀನಿ ಅನ್ನಿ, ಪರವಾಗಿಲ್ಲ ಎಂದು ಮಹಾನಂದ ಧೈರ್ಯ ತುಂಬಿದಳು. ಅವರ ಬಾಯಿಗೆ ಅದು ಬರಲೇ ಇಲ್ಲ. ಕೊನೆಗೆ ಬಸ್ಸಿಗೆ ಹೊತ್ತಾಯಿತು ಎಂದು ಕೈಮುಗಿದು ಬೇಗಬೇಗ ಇಳಿದುಹೋದರು. ಅದಕ್ಕೆ ಮನೆ ಏನೂ ಅನ್ನಲಿಲ್ಲ.

ಜೂನಿನಲ್ಲಿ ಬೋರ್ಡಿನವರು ಬಂದು ಟೇಪು ಹಿಡಿದು ಕೋಣೆಯನ್ನು ಅಳೆದರು. ಪರೀಕ್ಷಾ ಕೇಂದ್ರ ಮಂಜೂರಾಯಿತು.